ಕಪ್ಪಗಿರುವುದೆಲ್ಲ ಸೀಸವಲ್ಲ: ಗ್ರೀಸ್ ಡಬ್ಬಿಯಿಂದ ಚಿಪ್‌ವರೆಗೆ ಒಂದು ಅದಿರಿನ ಕಥೆ

ಹೋದ ವಾರ ನಾವು ತಾಲ್ಲೂಕು ಕೇಂದ್ರದ ಒಂದು ಗ್ಯಾರೇಜಿನಲ್ಲಿ ಬೈಕ್ ರಿಪೇರಿಗೆ ಕಾಯುತ್ತ ಕೂತಿದ್ದೆವು. ಪಕ್ಕದಲ್ಲಿ ಕಾರೊಂದರ ಮುಂದಿನ ಚಕ್ರ ಬಿಚ್ಚಿ, ಆಕ್ಸಲ್ ಜಾಯಿಂಟಿಗೆ ಗ್ರೀಸ್ ತುಂಬುವ ಕೆಲಸ ನಡೆದಿತ್ತು. ಕೆಲಸದ ಹುಡುಗ ಒಳಗಿನಿಂದ ಒಂದು ಡಬ್ಬಿ ತಂದ. ಮೇಸ್ತ್ರಿ ನೋಡಿದವರೇ, "ಇದಲ್ಲ ಕಣೋ, ಮಾಲಿ ತಗೊಂಡ್ ಬಾ" ಅಂದರು.

"ಇದೂ ಕಪ್ಪಗೇ ಐತಲ್ಲಣ್ಣ?"

"ಕಪ್ಪಗಿದ್ರೆ ಎಲ್ಲಾ ಒಂದೇ ಏನೋ? ಅದು ಗ್ರಾಫೈಟು, ಲಾರಿ ಸ್ಪ್ರಿಂಗ್ ಪ್ಲೇಟಿಗೆ ಹಾಕೋದು. ಡಬ್ಬಿ ಮೇಲೆ ಓದು."

ಹುಡುಗ ಪೆಚ್ಚಾಗಿ ಒಳಗೆ ಹೋದ. ಪಾಪ, ಅವನ ತಪ್ಪೇನೂ ಇಲ್ಲ. ಆ ಎರಡು ಕಪ್ಪು ವಸ್ತುಗಳನ್ನು ಒಂದೇ ಎಂದು ತಿಳಿದವರಲ್ಲಿ ಅವನು ಮೊದಲನೆಯವನಲ್ಲ. ಜಗತ್ತಿನ ದೊಡ್ಡ ದೊಡ್ಡ ಪಂಡಿತರು ಶತಮಾನಗಳ ಕಾಲ ಅದೇ ತಪ್ಪು ಮಾಡಿದ್ದರು.

ಮೇಸ್ತ್ರಿ ಹೇಳಿದ 'ಮಾಲಿ' ಎಂದರೆ ಮಾಲಿಬ್ಡಿನಮ್ ಡೈಸಲ್ಫೈಡ್. ಮಾಲಿಬ್ಡಿನಮ್ ಎಂಬ ಲೋಹ ಮತ್ತು ಗಂಧಕ ಸೇರಿ ಆದ ವಸ್ತು. ಇದು ನೆಲದೊಳಗೆ ಬಂಡೆಗಳ ನಡುವೆ ಅದಿರಾಗಿಯೇ ಸಿಗುತ್ತದೆ. ಅದಿರಿನ ಹೆಸರು ಮಾಲಿಬ್ಡಿನೈಟ್. ಮುಟ್ಟಿದರೆ ಜಾರುತ್ತದೆ, ಕಾಗದದ ಮೇಲೆ ಎಳೆದರೆ ಗೆರೆ ಮೂಡುತ್ತದೆ, ಉಗುರಿನಲ್ಲಿ ಕೆರೆದರೆ ಏಳುತ್ತದೆ.

ಇದೇ ವಸ್ತು ನಿಮ್ಮ ಊರಿನ ಕಾರಿನ ಗ್ರೀಸಿನಲ್ಲಿದೆ. ಟ್ರ್ಯಾಕ್ಟರಿಗೆ ಹಾಕುವ ಡೀಸೆಲ್ಲಿನ ಗಂಧಕ ತೆಗೆಯುವುದೂ ಇದೇ. ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿರುವ ದೂರದರ್ಶಕದೊಳಗೂ ಇದು ಕೂತಿದೆ. ಮುಂದೊಂದು ದಿನ ನಿಮ್ಮ ಕೈಯಲ್ಲಿರುವ ಫೋನಿನ ಚಿಪ್ಪಿಗೂ ಬರಬಹುದು. ಇಷ್ಟಕ್ಕೆಲ್ಲ ಕಾರಣ ಒಂದೇ ಗುಣ. ಆ ಗುಣ ಯಾವುದು, ಅದನ್ನು ಜನ ಹೇಗೆ ಕಂಡುಕೊಂಡರು, ಒಮ್ಮೆ ಹೇಗೆ ಎಡವಿದರು ಎಂಬುದೇ ಈ ಸಲದ ನಮ್ಮ ಬರಹ.

ಸೀಸದಕಡ್ಡಿಯಲ್ಲಿ ಸೀಸ ಎಲ್ಲಿದೆ?

ನಮ್ಮ ಹಿರಿಯರು ಪೆನ್ಸಿಲ್ಲಿಗೆ ಸೀಸದಕಡ್ಡಿ ಅನ್ನುತ್ತಿದ್ದರು. ಈಗಲೂ ಕೆಲವು ಕಡೆ ಅನ್ನುತ್ತಾರೆ. ಆದರೆ ಪೆನ್ಸಿಲ್ಲಿನೊಳಗೆ ಒಂದು ಚೂರೂ ಸೀಸ ಇಲ್ಲ. ಅದು ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಹಾಗಾದರೆ ಸೀಸದ ಹೆಸರು ಯಾಕೆ ಬಂತು?

ಹಿಂದೆ ಯೂರೋಪಿನಲ್ಲಿ ಬೂದುಗಪ್ಪಾಗಿ ಹೊಳೆಯುವ, ಮೆತ್ತಗಿರುವ, ಕಾಗದದ ಮೇಲೆ ಗೆರೆ ಎಳೆಯಲು ಬರುವ ಕಲ್ಲನ್ನೆಲ್ಲ ಸೀಸದ ಜಾತಿ ಎಂದೇ ಲೆಕ್ಕ ಹಾಕುತ್ತಿದ್ದರು. ಸೀಸದ ಅದಿರೂ ಹಾಗೇ ಇತ್ತು, ಗ್ರಾಫೈಟೂ ಹಾಗೇ ಇತ್ತು, ಮಾಲಿಬ್ಡಿನೈಟೂ ಹಾಗೇ ಇತ್ತು. ಗ್ರೀಕ್ ಭಾಷೆಯಲ್ಲಿ ಸೀಸಕ್ಕೆ ಮಾಲಿಬ್ಡೋಸ್ ಎನ್ನುತ್ತಾರೆ. ಆ ಹೆಸರೇ ಈ ಅದಿರಿಗೆ ಅಂಟಿಕೊಂಡಿತು. ಅಂದರೆ ಮಾಲಿಬ್ಡಿನಮ್ ಎಂಬ ಹೆಸರೇ ಒಂದು ತಪ್ಪು ತಿಳಿವಳಿಕೆಯ ಗುರುತು. ಅದೇ ತಪ್ಪು ಪೆನ್ಸಿಲ್ಲಿನ ಜೊತೆ ನಮ್ಮ ಕನ್ನಡಕ್ಕೂ ಬಂದು ಸೀಸದಕಡ್ಡಿ ಆಯಿತು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಮ್ಮಲ್ಲಿದೆ. ಕಪ್ಪಗಿರುವುದೆಲ್ಲ ಸೀಸವಲ್ಲ ಎಂದು ಯಾರಾದರೂ ಪರೀಕ್ಷೆ ಮಾಡಿ ಹೇಳಬೇಕಿತ್ತು. 1754ರಲ್ಲಿ ಸ್ವೀಡನ್ನಿನ ಬೆಂಗ್ಟ್ ಕ್ವಿಸ್ಟ್ ಎಂಬುವರು ಈ ಅದಿರನ್ನು ಪರೀಕ್ಷಿಸಿ, ಇದರಲ್ಲಿ ಸೀಸವೇ ಇಲ್ಲ ಎಂದರು. ಸೀಸ ಅಲ್ಲ ಸರಿ, ಮತ್ತೇನು? ಅದಕ್ಕೆ ಉತ್ತರ ಕೊಟ್ಟವನು ಅದೇ ದೇಶದ ಒಬ್ಬ ಔಷಧದಂಗಡಿಯವನು.

ಕಾಲೇಜು ಮೆಟ್ಟಿಲು ಹತ್ತದ ವಿಜ್ಞಾನಿ

ಕಾರ್ಲ್ ವಿಲ್‌ಹೆಲ್ಮ್ ಶೀಲೆ ಹುಟ್ಟಿದ್ದು 1742ರಲ್ಲಿ. ಹದಿನಾಲ್ಕನೇ ವಯಸ್ಸಿಗೆ ಔಷಧದಂಗಡಿಯಲ್ಲಿ ಕೆಲಸಕ್ಕೆ ಸೇರಿದ. ವಿಶ್ವವಿದ್ಯಾಲಯದಲ್ಲಿ ಓದಲಿಲ್ಲ. ಹಗಲು ಔಷಧ ಅರೆಯುವುದು, ಬಿಡುವು ಸಿಕ್ಕಾಗ ಕೈಗೆ ಸಿಕ್ಕ ಕಲ್ಲು, ಉಪ್ಪು, ಆಮ್ಲಗಳನ್ನೆಲ್ಲ ಕಾಯಿಸಿ ಬೆರೆಸಿ ನೋಡುವುದು. ಆಮ್ಲಜನಕವನ್ನು ಕಂಡುಕೊಂಡವರಲ್ಲಿ ಇವನೂ ಒಬ್ಬ. ಆದರೆ ಪುಸ್ತಕ ಅಚ್ಚಾಗುವುದು ತಡವಾಗಿ, ಇಂಗ್ಲೆಂಡಿನ ಪ್ರೀಸ್ಟ್ಲಿ ಮೊದಲೇ ಪ್ರಕಟಿಸಿಬಿಟ್ಟ. ಕ್ಲೋರಿನ್ ಅನಿಲವನ್ನು ಮೊದಲು ತಯಾರಿಸಿದವನೂ ಶೀಲೆಯೇ.

1778ರಲ್ಲಿ ಶೀಲೆ ಮಾಲಿಬ್ಡಿನೈಟ್ ಅದಿರನ್ನು ನೈಟ್ರಿಕ್ ಆಮ್ಲದಲ್ಲಿ ಕಾಯಿಸಿದ. ಕೊನೆಗೆ ಉಳಿದದ್ದು ಬಿಳಿ ಪುಡಿ. ಗ್ರಾಫೈಟಿಗೆ ಅದೇ ಆಮ್ಲ ಹಾಕಿದರೆ ಅದಕ್ಕೆ ಏನೂ ಆಗಲಿಲ್ಲ. ಅಲ್ಲಿಗೆ ತೀರ್ಮಾನವಾಯಿತು: ಎರಡೂ ಬೇರೆ ಬೇರೆ. ಅದಿರಿನಲ್ಲಿ ಗಂಧಕ ಇದೆ, ಜೊತೆಗೆ ಅಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲದ ಏನೋ ಇದೆ. ಮರುವರ್ಷ ಗ್ರಾಫೈಟನ್ನೂ ಪರೀಕ್ಷಿಸಿ, ಅದು ಇದ್ದಿಲಿನ ಜಾತಿ, ಅಂದರೆ ಇಂಗಾಲ ಎಂದು ತೋರಿಸಿದ.

ಆ ಬಿಳಿ ಪುಡಿಯಿಂದ ಲೋಹ ತೆಗೆಯಲು ಬೇಕಾದಷ್ಟು ಬಿಸಿಯ ಕುಲುಮೆ ಶೀಲೆಯ ಹತ್ತಿರ ಇರಲಿಲ್ಲ. ಅವನು ಗೆಳೆಯ ಪೀಟರ್ ಯಾಕಬ್ ಯೆಲ್ಮ್‌ಗೆ ಹೇಳಿದ. ಯೆಲ್ಮ್ 1781ರಲ್ಲಿ ಆ ಪುಡಿಯನ್ನು ಇದ್ದಿಲಿನ ಜೊತೆ ಕಾಯಿಸಿ ಹೊಸ ಲೋಹ ತೆಗೆದ. ಅದೇ ಮಾಲಿಬ್ಡಿನಮ್. ಐದು ವರ್ಷದ ನಂತರ, 1786ರಲ್ಲಿ, ಶೀಲೆ ತೀರಿಕೊಂಡ. ಆಗ ಅವನಿಗೆ ಬರೀ 43 ವರ್ಷ.

ಇಷ್ಟಾದರೂ ನೂರಕ್ಕೂ ಹೆಚ್ಚು ವರ್ಷ ಈ ಲೋಹಕ್ಕೆ ಹೇಳಿಕೊಳ್ಳುವಂಥ ಕೆಲಸವೇ ಸಿಗಲಿಲ್ಲ. ಉಕ್ಕಿಗೆ ಸ್ವಲ್ಪ ಮಾಲಿಬ್ಡಿನಮ್ ಬೆರೆಸಿದರೆ ಉಕ್ಕು ಗಟ್ಟಿಯಾಗುತ್ತದೆ, ಬಿಸಿಗೂ ಬಗ್ಗುವುದಿಲ್ಲ ಎಂದು ತಿಳಿದ ಮೇಲೆ, ಮೊದಲ ಮಹಾಯುದ್ಧದ ಹೊತ್ತಿಗೆ ಬೇಡಿಕೆ ಎದ್ದಿತು. ಅಮೆರಿಕದ ಕೊಲರಾಡೋ ಬೆಟ್ಟಗಳಲ್ಲಿ ಕ್ಲೈಮ್ಯಾಕ್ಸ್ ಎಂಬ ದೊಡ್ಡ ಗಣಿ ಶುರುವಾಯಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ವಶದಲ್ಲಿದ್ದ ನಾರ್ವೆಯ ಕ್ನಾಬೆನ್ ಗಣಿಯ ಮೇಲೆ 1943ರಲ್ಲಿ ಮಾರ್ಚ್‌ನಲ್ಲಿ ಬ್ರಿಟಿಷರೂ, ನವೆಂಬರ್‌ನಲ್ಲಿ ಅಮೆರಿಕನ್ನರೂ ಬಾಂಬ್ ಹಾಕಿದರು. ಒಂದು ಕಾಲಕ್ಕೆ ಸೀಸ ಎಂದು ಬದಿಗಿಟ್ಟಿದ್ದ ಕಲ್ಲಿಗಾಗಿ ವಿಮಾನಗಳು ಹಾರಿದವು.

ಆದರೆ ಅದೆಲ್ಲ ಗಂಧಕ ಕಳೆದು ಉಳಿದ ಲೋಹದ ಕಥೆ. ನಮಗೆ ಬೇಕಿರುವುದು ಗಂಧಕದ ಜೊತೆಗಿರುವ ಆ ಜಾರುವ ಅದಿರಿನ ಕಥೆ.

ಹೋಳಿಗೆ ಪೇರಿಸಿದ ಹಾಗೆ

ಈ ಅದಿರು ಯಾಕೆ ಜಾರುತ್ತದೆ? ಉತ್ತರ ಸಿಕ್ಕಿದ್ದು 1923ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಸ್ಕೋ ಡಿಕಿನ್‌ಸನ್ ಎಂಬ ಮೇಷ್ಟ್ರು ಮತ್ತು ಅವರ 22 ವರ್ಷದ ವಿದ್ಯಾರ್ಥಿ ಲೈನಸ್ ಪಾಲಿಂಗ್ ಸೇರಿ ಮಾಲಿಬ್ಡಿನೈಟ್ ಹರಳಿನ ಮೂಲಕ ಎಕ್ಸ್‌ರೇ ಹಾಯಿಸಿ, ಒಳಗೆ ಪರಮಾಣುಗಳು ಹೇಗೆ ಕೂತಿವೆ ಎಂದು ಕಂಡುಹಿಡಿದರು. ಪಾಲಿಂಗ್ ಪ್ರಕಟಿಸಿದ ಮೊದಲ ಸಂಶೋಧನಾ ಲೇಖನ ಅದು. ಮುಂದೆ ಅವರಿಗೆ ಎರಡು ನೊಬೆಲ್ ಬಂದವು, ಒಂದು ರಸಾಯನಶಾಸ್ತ್ರಕ್ಕೆ, ಇನ್ನೊಂದು ಶಾಂತಿಗೆ.

ಅವರು ಕಂಡದ್ದನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳಬಹುದು. ಹೋಳಿಗೆಯನ್ನು ನೆನೆಸಿಕೊಳ್ಳಿ. ಮೇಲೊಂದು ಕಣಕ, ಕೆಳಗೊಂದು ಕಣಕ, ನಡುವೆ ಹೂರಣ. ಮಾಲಿಬ್ಡಿನಮ್ ಡೈಸಲ್ಫೈಡಿನ ಒಂದು ಪದರವೂ ಹಾಗೇ. ನಡುವೆ ಮಾಲಿಬ್ಡಿನಮ್ ಪರಮಾಣುಗಳ ಸಾಲು, ಅದರ ಮೇಲೂ ಕೆಳಗೂ ಗಂಧಕದ ಪರಮಾಣುಗಳು. ಹೋಳಿಗೆಯೊಳಗೆ ಕಣಕಕ್ಕೂ ಹೂರಣಕ್ಕೂ ಗಟ್ಟಿ ಬೆಸುಗೆ. ಆದರೆ ತುಪ್ಪ ಸವರಿ ಒಂದರ ಮೇಲೊಂದು ಪೇರಿಸಿದ ಹೋಳಿಗೆಗಳ ನಡುವೆ ಅಂಥ ಬೆಸುಗೆ ಇಲ್ಲ. ಪಕ್ಕದಿಂದ ಸ್ವಲ್ಪ ನೂಕಿದರೆ ಮೇಲಿನದು ಜಾರುತ್ತದೆ. ಮೇಲಿನಿಂದ ಅದುಮಿದರೆ ಮಾತ್ರ ಪೇರಿಕೆ ತಡೆದುಕೊಳ್ಳುತ್ತದೆ.

ಒಂದು ಪದರದ ದಪ್ಪ ಸುಮಾರು 0.65 ನ್ಯಾನೋಮೀಟರ್. ಒಂದು ತಲೆಕೂದಲಿನ ದಪ್ಪಕ್ಕೆ ಇಂಥ ಲಕ್ಷ ಪದರ ಪೇರಿಸಬಹುದು.

ಪದರದೊಳಗೆ ಗಟ್ಟಿ, ಪದರ ಪದರದ ನಡುವೆ ಸಡಿಲ. ನಾವು ಮೊದಲು ಹೇಳಿದ ಆ ಒಂದು ಗುಣ ಇದೇ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಗ್ಯಾರೇಜಿನ ಕೆಲಸವೂ ಇದೇ ಗುಣದಿಂದ ನಡೆಯುತ್ತದೆ. ಕಾರಿನ ಆಕ್ಸಲ್ ಜಾಯಿಂಟಿನಂಥ ಕಡೆ ಭಾರ ಹೆಚ್ಚು, ಚಲನೆ ಅತ್ತಿಂದಿತ್ತ. ಅಲ್ಲಿ ಬರೀ ಎಣ್ಣೆ ಹಿಸುಕಿ ಹೊರಗೆ ಹೋಗಿಬಿಡುತ್ತದೆ. ಆಗ ಲೋಹಕ್ಕೂ ಲೋಹಕ್ಕೂ ನಡುವೆ ಉಳಿಯುವುದು ಈ ಪದರಗಳು. ಭಾರ ಹೊರುತ್ತವೆ, ಜಾರುತ್ತಲೂ ಇರುತ್ತವೆ. ಜೋರಾಗಿ ತಿರುಗುವ ಬೇರಿಂಗುಗಳಿಗೆ ಇದು ಹೊಂದುವುದಿಲ್ಲ. ಅದಕ್ಕೇ ಗಾಡಿಯ ಪುಸ್ತಕದಲ್ಲಿ ಯಾವ ಗ್ರೀಸ್ ಎಂದು ಬರೆದಿದೆಯೋ ಅದನ್ನೇ ಹಾಕಿಸಬೇಕು.

ಒಂದಕ್ಕೆ ನೀರು ಬೇಕು, ಇನ್ನೊಂದಕ್ಕೆ ನೀರೇ ವೈರಿ

ಗ್ರಾಫೈಟ್ ಕೂಡ ಪದರ ಪದರವಾಗಿಯೇ ಇದೆ. ಅದೂ ಜಾರುತ್ತದೆ. ಹಾಗಾದರೆ ವ್ಯತ್ಯಾಸ ಏನು?

ಅದು ಗೊತ್ತಾದದ್ದು ಎರಡನೇ ಮಹಾಯುದ್ಧದ ವಿಮಾನಗಳಿಂದ. ವಿಮಾನದ ಜನರೇಟರಿನಲ್ಲಿ ನಾವು ಕಾರ್ಬನ್ ಅಂತ ಕರೆಯುವ ಗ್ರಾಫೈಟ್ ಬ್ರಷ್ ಇರುತ್ತದೆ. ನೆಲದ ಮೇಲೆ ಚೆನ್ನಾಗಿ ಬಾಳುವ ಬ್ರಷ್ ತುಂಬ ಎತ್ತರಕ್ಕೆ ಹೋದಾಗ ಬೇಗನೆ ಪುಡಿಪುಡಿಯಾಗಿ ಉದುರುತ್ತಿತ್ತು. ಮೇಲಿನ ಗಾಳಿಯಲ್ಲಿ ನೀರಿನ ಆವಿ ಇಲ್ಲದಿರುವುದೇ ಇದಕ್ಕೆ ಕಾರಣ ಎಂದು ವಿಜ್ಞಾನಿಗಳು ಪತ್ತೆ ಮಾಡಿದರು. ಗ್ರಾಫೈಟಿನ ಪದರಗಳು ಸಲೀಸಾಗಿ ಜಾರಲು ಗಾಳಿಯಲ್ಲಿನ ತೇವ ಬೇಕು.

ಮಾಲಿಬ್ಡಿನಮ್ ಡೈಸಲ್ಫೈಡಿಗೆ ತೇವ ಬೇಡ. ಗಾಳಿಯೇ ಇಲ್ಲದ ಕಡೆ ಅದು ಇನ್ನೂ ಚೆನ್ನಾಗಿ ಜಾರುತ್ತದೆ. ತೇವ ಇದ್ದರೆ ಅದರ ಜಾರು ಕಡಿಮೆಯಾಗಿ, ಸವೆತ ಹೆಚ್ಚುತ್ತದೆ. ಗ್ರೀಸಿನೊಳಗೆ ಅಡಗಿ, ರಬ್ಬರ್ ಕವಚದ ಒಳಗೆ ಕೂತಿರುವುದರಿಂದ ನಮ್ಮ ಕಾರುಗಳಲ್ಲಿ ಬಾಳುತ್ತದೆ. ನೋಡಲು ಅಣ್ಣತಮ್ಮಂದಿರಂತಿರುವ ಎರಡು ವಸ್ತುಗಳ ಸ್ವಭಾವ ಹೀಗೆ ಪೂರ್ತಿ ಉಲ್ಟಾ.

1950ರ ದಶಕದ ಕೊನೆಗೆ ಬಾಹ್ಯಾಕಾಶ ಯುಗ ಶುರುವಾದಾಗ ಈ ವ್ಯತ್ಯಾಸಕ್ಕೆ ದೊಡ್ಡ ಬೆಲೆ ಬಂತು. ಅಲ್ಲಿ ಗಾಳಿ ಇಲ್ಲ. ಸಾಮಾನ್ಯ ಎಣ್ಣೆ ಆವಿಯಾಗಿ ಹಾರಿಹೋಗುತ್ತದೆ, ಇಲ್ಲವೇ ಚಳಿಗೆ ಗಟ್ಟಿಯಾಗುತ್ತದೆ. ಗ್ರಾಫೈಟ್ ಕೈಕೊಡುತ್ತದೆ. ಉಳಿದದ್ದು ಮಾಲಿಬ್ಡಿನಮ್ ಡೈಸಲ್ಫೈಡ್. ಅದನ್ನು ತೆಳ್ಳಗೆ ಬಣ್ಣದ ಹಾಗೆ ಬಳಿದು ಒಣಗಿಸಿಬಿಟ್ಟರೆ ಸಾಕು. 2021ರ ಡಿಸೆಂಬರ್‌ನಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕದ ಒಂದು ಉಪಕರಣ ಸುಮಾರು ಮೈನಸ್ 266 ಡಿಗ್ರಿ ಚಳಿಯಲ್ಲಿ ಕೆಲಸ ಮಾಡುತ್ತದೆ. ಅದರೊಳಗೆ ತಿರುಗುವ ಚಕ್ರಗಳ ಬೇರಿಂಗಿಗೆ ಹಾಕಿರುವುದು ಇದೇ ಒಣ ಲೇಪ.

ಲಾರಿಯ ಕುಲುಕಾಟ, ಬಿಚ್ಚದ ಕೊಡೆ

ಆದರೆ ಇದೇ ಒಣ ಲೇಪ ಒಮ್ಮೆ ಒಂದು ದೇಶದ ಅನೇಕ ವರ್ಷಗಳ ದುಡಿಮೆಯನ್ನು ಹಾಳು ಮಾಡುವ ಹಂತಕ್ಕೆ ಬಂದಿತ್ತು. ಆ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇವೆ.

ಗುರು ಗ್ರಹಕ್ಕೆ ಹೋಗಲು ಅಮೆರಿಕದ ನಾಸಾ ಗೆಲಿಲಿಯೋ ಎಂಬ ನೌಕೆ ಕಟ್ಟಿತು. ಅಷ್ಟು ದೂರದಿಂದ ಚಿತ್ರ, ಮಾಹಿತಿ ಕಳಿಸಲು ದೊಡ್ಡ ಆಂಟೆನಾ ಬೇಕು. ಅಗಲ 4.8 ಮೀಟರ್. ಅಷ್ಟು ದೊಡ್ಡದನ್ನು ಹಾಗೇ ಸಾಗಿಸಲು ಆಗುವುದಿಲ್ಲ. ಹಾಗಾಗಿ ನಮ್ಮ ಮಳೆಗಾಲದ ಕೊಡೆಯಂತೆ 18 ಕಡ್ಡಿ ಇಟ್ಟು ಮಡಚಿದರು. ಮಡಚಿದ ಕಡ್ಡಿಗಳು ಅಲುಗದಂತೆ ನಡುವಿನ ಕಂಬಕ್ಕೆ ಪಿನ್ನುಗಳ ಮೂಲಕ ಬಿಗಿದರು. ಪಿನ್ನು ಸಲೀಸಾಗಿ ಹೊರಬರಲಿ ಎಂದು ಅದಕ್ಕೆ ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಒಣ ಲೇಪ ಬಳಿದಿದ್ದರು.

1986ರ ಮೇ ತಿಂಗಳಲ್ಲಿ ಉಡಾವಣೆ ಎಂದು ನಿಗದಿಯಾಗಿತ್ತು. 1985ರ ಕೊನೆಗೆ ನೌಕೆಯನ್ನು ಕ್ಯಾಲಿಫೋರ್ನಿಯಾದಿಂದ ಲಾರಿಯಲ್ಲಿ ಫ್ಲಾರಿಡಾಕ್ಕೆ ತಂದರು. ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ, ಸುಮಾರು 4000 ಕಿ.ಮೀ. ಆದರೆ 1986ರ ಜನವರಿ 28ರಂದು ಚಾಲೆಂಜರ್ ಷಟಲ್ ಆಕಾಶದಲ್ಲೇ ಒಡೆದು ಏಳು ಮಂದಿ ಸತ್ತರು. ಷಟಲ್ ಹಾರಾಟವೆಲ್ಲ ನಿಂತಿತು. ಗೆಲಿಲಿಯೋವನ್ನು ಮತ್ತೆ ಲಾರಿಗೆ ಹೇರಿ ಕ್ಯಾಲಿಫೋರ್ನಿಯಾಕ್ಕೆ ವಾಪಸ್ ಒಯ್ದರು. 1989ರಲ್ಲಿ ಮತ್ತೆ ಲಾರಿ, ಮತ್ತೆ ಫ್ಲಾರಿಡಾ. ಅಕ್ಟೋಬರ್ 18ರಂದು ಕೊನೆಗೂ ಹಾರಿತು. ದಾರಿಯಲ್ಲಿ ಸೂರ್ಯನ ಹತ್ತಿರದಿಂದ ಹಾದುಹೋಗಬೇಕಿದ್ದರಿಂದ ಆಂಟೆನಾವನ್ನು ಇನ್ನೂ ಒಂದೂವರೆ ವರ್ಷ ಮಡಚಿಯೇ ಇಟ್ಟಿದ್ದರು.

1991ರ ಏಪ್ರಿಲ್ 11ರಂದು ಕೊಡೆ ಬಿಚ್ಚಲು ಆದೇಶ ಹೋಯಿತು. ಮೋಟಾರು ತಿರುಗಿತು, ಸ್ವಲ್ಪ ಹೊತ್ತಿಗೆ ತಡೆದು ನಿಂತಿತು. ಒಂದು ಬದಿಯ ಕೆಲವು ಕಡ್ಡಿಗಳು ಕಂಬವನ್ನು ಬಿಡಲಿಲ್ಲ. ಕೊಡೆ ಅರೆಬರೆ ತೆರೆದು ಸೊಟ್ಟಗೆ ನಿಂತಿತು.

ಏನಾಗಿತ್ತು? ತನಿಖೆ ಮಾಡಿದವರು ಬಂದ ತೀರ್ಮಾನ ಇದು: ರಸ್ತೆಯ ಪ್ರಯಾಣಗಳ ಕುಲುಕಾಟದಲ್ಲಿ ಪಿನ್ನುಗಳು ತಮ್ಮ ಗೂಡಿನಲ್ಲಿ ಉಜ್ಜಿ ಉಜ್ಜಿ ಲೇಪ ಸವೆದುಹೋಗಿತ್ತು. ಗಾಳಿ ಇಲ್ಲದ ಕಡೆಗಾಗಿ ಇರುವ ಲೇಪ, ಗಾಳಿ ಮತ್ತು ತೇವದ ನಡುವೆ ಉಜ್ಜಿದ್ದರಿಂದ ಬೇಗ ಸವೆಯಿತು. ಲೇಪ ಹೋದ ಮೇಲೆ ಉಳಿದದ್ದು ಬರೀ ಲೋಹಕ್ಕೆ ಲೋಹ. ಬಾಹ್ಯಾಕಾಶದಲ್ಲಿ ಬರೀ ಲೋಹಗಳು ಒಂದಕ್ಕೊಂದು ಅದುಮಿ ಕೂತರೆ ಕಚ್ಚಿಕೊಂಡುಬಿಡುತ್ತವೆ. ರಾಕೆಟ್ಟಿನ ಬೆಂಕಿ ತಡೆದ ನೌಕೆ, ಲಾರಿಯ ಕುಲುಕಾಟಕ್ಕೆ ಸೋತಿತ್ತು.

ಕೋಟಿಗಟ್ಟಲೆ ಕಿ.ಮೀ. ದೂರ. ಹೋಗಿ ಸ್ಪ್ಯಾನರ್ ಹಾಕುವ ಹಾಗಿಲ್ಲ. ಎಂಜಿನಿಯರುಗಳು ನೌಕೆಯನ್ನು ಬಿಸಿಲಿಗೆ ತಿರುಗಿಸಿ ಕಾಯಿಸಿದರು, ನೆರಳಿಗೆ ತಿರುಗಿಸಿ ತಣಿಸಿದರು, ಲೋಹ ಹಿಗ್ಗಿ ಕುಗ್ಗಿ ಬಿಟ್ಟುಕೊಂಡೀತು ಎಂದು ಕಾದರು. ಸುತ್ತಿಗೆಯಲ್ಲಿ ತಟ್ಟಿದಂತೆ ಮೋಟಾರನ್ನು ಸಾವಿರಾರು ಸಲ ಕ್ಷಣ ಕ್ಷಣ ಚಾಲೂ ಮಾಡಿ ನಿಲ್ಲಿಸಿದರು. ಏನು ಮಾಡಿದರೂ ಕೊಡೆ ಬಿಚ್ಚಲಿಲ್ಲ.

ದೊಡ್ಡ ಆಂಟೆನಾ ಸೆಕೆಂಡಿಗೆ 1,34,000 ಬಿಟ್ ಮಾಹಿತಿ ಕಳಿಸಬೇಕಿತ್ತು. ಉಳಿದ ಚಿಕ್ಕ ಆಂಟೆನಾದಿಂದ ಗುರುವಿನ ದೂರದಿಂದ ಬರುತ್ತಿದ್ದದ್ದು ಸೆಕೆಂಡಿಗೆ ಬರೀ ಹದಿನಾರು ಬಿಟ್‌ನಷ್ಟು. ನಮ್ಮ ಊರುಗಳಲ್ಲಿ ನೆಟ್‌ವರ್ಕ್ ಒಂದು ಕಡ್ಡಿಗೆ ಇಳಿದಾಗ ಆಗುವ ಕಷ್ಟ ನೆನೆಸಿಕೊಳ್ಳಿ, ಅದರ ಸಾವಿರ ಪಟ್ಟು. ಆದರೂ ಅವರು ಕೈಚೆಲ್ಲಲಿಲ್ಲ. ಹಾರುತ್ತಿರುವ ನೌಕೆಗೆ ಹೊಸ ಸಾಫ್ಟ್‌ವೇರ್ ಕಳಿಸಿದರು, ಚಿತ್ರಗಳನ್ನು ಕುಗ್ಗಿಸಿ ಕಳಿಸಲು ಕಲಿಸಿದರು, ಭೂಮಿಯ ಮೇಲಿನ ಹಲವು ಡಿಶ್‌ಗಳನ್ನು ಒಟ್ಟಿಗೆ ಜೋಡಿಸಿದರು. ವೇಗ 160 ಬಿಟ್‌ವರೆಗೆ ಏರಿತು. 1995ರ ಡಿಸೆಂಬರ್ 7ರಂದು ಗುರುವನ್ನು ತಲುಪಿದ ಗೆಲಿಲಿಯೋ, ಯೂರೋಪಾ ಎಂಬ ಚಂದ್ರನ ಹಿಮದ ಅಡಿಯಲ್ಲಿ ಉಪ್ಪುನೀರಿನ ಕಡಲು ಇದೆ ಎಂಬುದಕ್ಕೆ ಗಟ್ಟಿ ಸುಳಿವು ಕೊಟ್ಟಿತು. ಅಂದುಕೊಂಡ ಕೆಲಸದ ಸುಮಾರು 70 ಭಾಗ ಮುಗಿಯಿತು. ಉಳಿದದ್ದು ಬಿಚ್ಚದ ಕೊಡೆಯಲ್ಲೇ ಉಳಿಯಿತು.

ಡೀಸೆಲ್ಲಿನ ಗಂಧಕ ಮತ್ತು ಪದರದ ಅಂಚು

ಮೇಲೆ ಇಷ್ಟೆಲ್ಲ ನಡೆಯುವಾಗ ಭೂಮಿಯ ಮೇಲೆ ಇದೇ ವಸ್ತು ಸದ್ದಿಲ್ಲದೆ ಇನ್ನೊಂದು ಕೆಲಸ ಮಾಡುತ್ತಿತ್ತು. 1920ರ ದಶಕದಲ್ಲಿ ಜರ್ಮನಿಯಲ್ಲಿ ಕಲ್ಲಿದ್ದಲಿನಿಂದ ಪೆಟ್ರೋಲ್ ತೆಗೆಯುವ ಪ್ರಯತ್ನ ನಡೆದಾಗ, ಗಂಧಕಕ್ಕೆ ಜಗ್ಗದ ವೇಗವರ್ಧಕ ಬೇಕಾಗಿತ್ತು. ವೇಗವರ್ಧಕ ಎಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ವಸ್ತು. ಮಾಲಿಬ್ಡಿನಮ್ಮಿನ ಗಂಧಕ ಸಂಯುಕ್ತ ಆ ಕೆಲಸಕ್ಕೆ ಒದಗಿತು. ಮುಂದೆ ಅದೇ ವಿದ್ಯೆ ಕಚ್ಚಾ ತೈಲದಿಂದ ಗಂಧಕ ತೆಗೆಯಲು ಬಂತು.

ಪದರದ ಮೇಲ್ಮೈಗೆ ಏನೂ ಅಂಟುವುದಿಲ್ಲ, ಅದಕ್ಕೇ ಅದು ಜಾರುವುದು. ಆದರೆ ಪದರದ ಅಂಚಿನಲ್ಲಿ ಅಲ್ಲಲ್ಲಿ ಗಂಧಕದ ಪರಮಾಣು ಬಿಟ್ಟುಹೋಗಿ ಖಾಲಿ ಜಾಗ ಇರುತ್ತದೆ. ಡೀಸೆಲ್ಲಿನೊಳಗಿನ ಗಂಧಕ ಆ ಜಾಗಕ್ಕೆ ಬಂದು ಸಿಕ್ಕಿಕೊಳ್ಳುತ್ತದೆ. ಜೊತೆಗೆ ಹಾಯಿಸಿದ ಜಲಜನಕ ಅನಿಲ ಆ ಗಂಧಕವನ್ನು ಎತ್ತಿಕೊಂಡು ಹೋಗುತ್ತದೆ. ಜಾಗ ಮತ್ತೆ ಖಾಲಿ, ಮುಂದಿನ ಗಂಧಕಕ್ಕೆ ಸಿದ್ಧ. ಕೋಬಾಲ್ಟ್ ಅಥವಾ ನಿಕ್ಕೆಲ್ ಸ್ವಲ್ಪ ಸೇರಿಸಿದರೆ ಕೆಲಸ ಇನ್ನೂ ಚುರುಕು.

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 ಇಂಧನ ಬಂತಲ್ಲ, ಅದರಲ್ಲಿ ಹತ್ತು ಲಕ್ಷ ಭಾಗಕ್ಕೆ ಗಂಧಕ 10 ಭಾಗ ಮೀರುವಂತಿಲ್ಲ. ಅದಕ್ಕೂ ಮುಂಚೆ ಬಿಎಸ್-4ರಲ್ಲಿ 50ರವರೆಗೆ ಇರಬಹುದಿತ್ತು. ರಿಫೈನರಿಗಳಲ್ಲಿ ಹೀಗೆ ತೆಗೆದ ಗಂಧಕವೂ ದಂಡವಾಗುವುದಿಲ್ಲ. ಅದರಿಂದ ಸಲ್ಫ್ಯೂರಿಕ್ ಆಮ್ಲ, ಆ ಆಮ್ಲದಿಂದ ಡಿಎಪಿಯಂಥ ಗೊಬ್ಬರ. ಟ್ರ್ಯಾಕ್ಟರಿನ ಹೊಗೆಯಲ್ಲಿ ಹೋಗಬೇಕಿದ್ದದ್ದು ಹೊಲದ ದಾರಿಗೆ ಬರುತ್ತದೆ.

ತೂಬು ಮುಚ್ಚದಿದ್ದರೆ

ಈಗ ಚಿಪ್ಪಿನ ವಿಷಯ. ಮಾಲಿಬ್ಡಿನಮ್ ಡೈಸಲ್ಫೈಡ್ ಒಂದು ಅರೆವಾಹಕ. ತಾಮ್ರದಂತೆ ಸದಾ ವಿದ್ಯುತ್ ಹರಿಸುವುದೂ ಇಲ್ಲ, ಗಾಜಿನಂತೆ ಪೂರ್ತಿ ತಡೆಯುವುದೂ ಇಲ್ಲ. ಹರಿಸು ಎಂದರೆ ಹರಿಸುತ್ತದೆ, ನಿಲ್ಲಿಸು ಎಂದರೆ ನಿಲ್ಲಿಸುತ್ತದೆ. 1909ರಲ್ಲೇ ಅಮೆರಿಕದ ಹಾರ್ವರ್ಡ್‌ನ ಜಿ. ಡಬ್ಲ್ಯು. ಪಿಯರ್ಸ್, ರೇಡಿಯೋ ಅಲೆ ಹಿಡಿಯಲು ಬರುವ ಹರಳುಗಳ ಬಗ್ಗೆ ಬರೆದಾಗ ಅದರಲ್ಲಿ ಮಾಲಿಬ್ಡಿನೈಟೂ ಇತ್ತು. ಟ್ರಾನ್ಸಿಸ್ಟರ್ ಹುಟ್ಟಲು ಇನ್ನೂ ಸುಮಾರು 40 ವರ್ಷ ಇತ್ತು.

ಆಮೇಲೆ ಸಿಲಿಕಾನ್ ಬಂತು, ಇದನ್ನು ಎಲ್ಲರೂ ಮರೆತರು. 1960ರ ದಶಕದಲ್ಲಿ ರಾಬರ್ಟ್ ಫ್ರಿಂಟ್ ಎಂಬ ವಿಜ್ಞಾನಿ ಈ ಹರಳಿನ ಪದರ ಕಿತ್ತು ಕಿತ್ತು ಕೆಲವೇ ಪದರ ದಪ್ಪದ ತುಣುಕು ಮಾಡಿ ತೋರಿಸಿದರು. 1986ರಲ್ಲಿ ಅವರದೇ ತಂಡ ಕೆನಡಾದಲ್ಲಿ ಒಂಟಿ ಪದರವನ್ನೂ ಬಿಡಿಸಿತು. ಆಗ ಹೆಚ್ಚು ಜನ ಗಮನ ಕೊಡಲಿಲ್ಲ. 2004ರಲ್ಲಿ ಇಂಗ್ಲೆಂಡಿನಲ್ಲಿ ಆಂದ್ರೇ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಬರೀ ಸೆಲ್ಲೋಟೇಪ್ ಅಂಟಿಸಿ ಕಿತ್ತು ಗ್ರಾಫೈಟಿನ ಒಂದು ಪದರ ಬಿಡಿಸಿದಾಗ ಜಗತ್ತು ತಿರುಗಿ ನೋಡಿತು. ಆ ಪದರಕ್ಕೆ ಗ್ರಾಫೀನ್ ಎಂದು ಹೆಸರು. 2010ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆದರೆ ಗ್ರಾಫೀನಿನಲ್ಲಿ ವಿದ್ಯುತ್ ಹರಿಯುತ್ತಲೇ ಇರುತ್ತದೆ, ನಿಲ್ಲಿಸಲು ಆಗುವುದಿಲ್ಲ. ಚಿಪ್ಪಿಗೆ ನಿಲ್ಲಿಸುವುದೂ ಮುಖ್ಯ. ಆಗ ಎಲ್ಲರ ಕಣ್ಣು ಹಳೆಯ ಅದಿರಿನ ಕಡೆ ಬಿತ್ತು. ಶೀಲೆಯ ಕಾಲದ ಹಾಗೇ, ಗ್ರಾಫೈಟನ್ನೂ ಇದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ಇದರ ಬೆಲೆ ತಿಳಿದದ್ದು.

2010ರಲ್ಲಿ ಅಮೆರಿಕದ ಎರಡು ತಂಡಗಳು ಒಂದು ವಿಚಿತ್ರ ಕಂಡವು. ದಪ್ಪ ಹರಳು ಬೆಳಕು ಕೊಡುವುದು ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಪದರಕ್ಕೆ ಇಳಿಸಿದರೆ ಅದೇ ವಸ್ತು ಕೆಂಪಗೆ ಬೆಳಗುತ್ತದೆ. ವಸ್ತು ಅದೇ, ಪದರದ ಲೆಕ್ಕ ಬದಲಾದರೆ ಸ್ವಭಾವವೇ ಬದಲು. ಮರುವರ್ಷ ಸ್ವಿಟ್ಜರ್ಲೆಂಡಿನಲ್ಲಿ ಆಂಡ್ರಾಸ್ ಕಿಸ್ ತಂಡ ಒಂದೇ ಪದರದಿಂದ ಟ್ರಾನ್ಸಿಸ್ಟರ್ ಮಾಡಿತು. ತೆರೆದಾಗ ಹರಿಯುವ ವಿದ್ಯುತ್ತು, ಮುಚ್ಚಿದಾಗ ಸೋರುವುದರ ಹತ್ತು ಕೋಟಿ ಪಟ್ಟು.

ಇದು ಯಾಕೆ ದೊಡ್ಡ ವಿಷಯ? ಕೆರೆಯ ತೂಬು ನೆನೆಸಿಕೊಳ್ಳಿ. ಟ್ರಾನ್ಸಿಸ್ಟರ್ ಎಂದರೆ ವಿದ್ಯುತ್ತಿನ ತೂಬು. ತೆರೆದರೆ ಒಂದು, ಮುಚ್ಚಿದರೆ ಸೊನ್ನೆ. ಚಿಪ್ಪಿನಲ್ಲಿ ತೂಬುಗಳನ್ನು ಚಿಕ್ಕದು ಮಾಡುತ್ತ ಹೋದಂತೆ ಮುಚ್ಚಿದರೂ ಅಡಿಯಿಂದ ಸೋರುವುದು ಶುರುವಾಗುತ್ತದೆ. ಫೋನ್ ಸುಮ್ಮನಿದ್ದರೂ ಬ್ಯಾಟರಿ ಇಳಿಯಲು, ಬಿಸಿಯಾಗಲು ಈ ಸೋರಿಕೆಯೂ ಒಂದು ಕಾರಣ. ಕಾಲುವೆ ತೆಳ್ಳಗಿದ್ದಷ್ಟೂ ಹಲಗೆ ಪೂರ್ತಿ ಮುಚ್ಚುತ್ತದೆ. ಸಿಲಿಕಾನನ್ನು ತೀರಾ ತೆಳ್ಳಗೆ ಮಾಡಿದರೆ ಅದರ ಮೈ ಒರಟಾಗಿ ವಿದ್ಯುತ್ ಸರಾಗ ಹರಿಯುವುದಿಲ್ಲ. ನಮ್ಮ ಹೋಳಿಗೆ ಪದರವೋ, ಹುಟ್ಟಿನಿಂದಲೇ ತೆಳ್ಳಗೆ, ನುಣ್ಣಗೆ.

2017ರಲ್ಲಿ ವಿಯೆನ್ನಾದಲ್ಲಿ 115 ಟ್ರಾನ್ಸಿಸ್ಟರಿನ ಪುಟ್ಟ ಪ್ರೊಸೆಸರ್ ಇದರಿಂದ ಆಯಿತು. 2025ರಲ್ಲಿ ಚೀನಾದ ಫುಡಾನ್ ವಿಶ್ವವಿದ್ಯಾಲಯದವರು ಸುಮಾರು 5900 ಟ್ರಾನ್ಸಿಸ್ಟರಿನದು ಮಾಡಿದರು. ಒಳ್ಳೆಯ ಫೋನಿನ ಚಿಪ್ಪಿನಲ್ಲಿ ಸಾವಿರ ಕೋಟಿಗೂ ಮೀರಿ ಟ್ರಾನ್ಸಿಸ್ಟರ್ ಇರುತ್ತವೆ. ಅಂದರೆ ದಾರಿ ಇನ್ನೂ ದೂರ. ದೊಡ್ಡ ಬಿಲ್ಲೆಯ ತುಂಬ ಒಂದೂ ತೂತಿಲ್ಲದ ಪದರ ಬೆಳೆಸುವುದು ಕಷ್ಟ, ಅದಕ್ಕೆ ಲೋಹದ ತಂತಿ ಜೋಡಿಸುವುದು ಇನ್ನೂ ಕಷ್ಟ. ಈ ಚಿಪ್ಪಿನ ಫೋನ್ ನಾಳೆಯೇ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಬೆಂಗಳೂರಿನ ಪಾಲು

ಈ ಕಥೆಯಲ್ಲಿ ನಮ್ಮವರೂ ಇದ್ದಾರೆ. 2010ರಲ್ಲಿ, ಗ್ರಾಫೀನಿನಂತೆ ಮಾಲಿಬ್ಡಿನಮ್ ಡೈಸಲ್ಫೈಡಿನ ತೆಳು ಪದರಗಳನ್ನು ರಾಸಾಯನಿಕ ವಿಧಾನದಿಂದ ತಯಾರಿಸುವ ಬಗ್ಗೆ ಪ್ರಕಟಿಸಿದವರಲ್ಲಿ ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಿ.ಎನ್.ಆರ್. ರಾವ್ ಅವರ ತಂಡವೂ ಇದೆ. 2012ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಯ, ಎ.ಕೆ. ಸೂದ್ ಮತ್ತು ಸಂಗಡಿಗರು ಒಂಟಿ ಪದರದ ಟ್ರಾನ್ಸಿಸ್ಟರಿನ ಮೇಲೆ ಬೆಳಕು ಬಿಟ್ಟು, ಎಲೆಕ್ಟ್ರಾನುಗಳು ಹೆಚ್ಚಾದಂತೆ ಪದರದ ಕಂಪನ ಹೇಗೆ ಬದಲಾಗುತ್ತದೆ ಎಂದು ತೋರಿಸಿದರು.

ಅವರು ಬಳಸಿದ್ದು ರಾಮನ್ ಪರಿಣಾಮ. 1928ರಲ್ಲಿ ಕಲ್ಕತ್ತೆಯಲ್ಲಿ ಅದನ್ನು ಕಂಡುಹಿಡಿದ ಸಿ.ವಿ. ರಾಮನ್, 1933ರಲ್ಲಿ ಇದೇ ಸಂಸ್ಥೆಗೆ ನಿರ್ದೇಶಕರಾಗಿ ಬಂದು ಬೆಂಗಳೂರಿನಲ್ಲೇ ನೆಲೆಸಿದರು. ಇವತ್ತು ಜಗತ್ತಿನ ಯಾವ ಪ್ರಯೋಗಾಲಯದಲ್ಲೇ ಆಗಲಿ, ಈ ವಸ್ತು ಒಂದು ಪದರ ಇದೆಯೋ, ಎರಡೋ, ಮೂರೋ ಎಂದು ಎಣಿಸಲು ರಾಮನ್ ಬೆಳಕನ್ನೇ ನೆಚ್ಚುತ್ತಾರೆ.

ಅದಿರಿನ ವಿಷಯದಲ್ಲಿ ಮಾತ್ರ ನಮ್ಮ ಕೈ ಬರಿದು. ಮಾಲಿಬ್ಡಿನಮ್ ಹೆಚ್ಚಾಗಿ ಸಿಗುವುದು ಚೀನಾ, ಚಿಲಿ, ಅಮೆರಿಕ, ಪೆರು ದೇಶಗಳಲ್ಲಿ. ನಮ್ಮ ಪಕ್ಕದ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಹರೂರು ಸೀಮೆಯಲ್ಲಿ ಈ ಅದಿರಿನ ಕುರುಹು ಸಿಕ್ಕಿದೆ. ಆದರೂ ದೇಶ ಆಮದನ್ನೇ ನೆಚ್ಚಿಕೊಂಡಿದೆ. 2023ರಲ್ಲಿ ಕೇಂದ್ರ ಸರ್ಕಾರ ಪಟ್ಟಿ ಮಾಡಿದ 30 ನಿರ್ಣಾಯಕ ಖನಿಜಗಳಲ್ಲಿ ಮಾಲಿಬ್ಡಿನಮ್ ಕೂಡ ಸೇರಿದೆ. ಉಕ್ಕಿಗೂ, ಡೀಸೆಲ್ಲಿಗೂ ಬೇಕಾದ ವಸ್ತು ಬೇರೆಯವರ ಕೈಯಲ್ಲಿದ್ದರೆ ಬೆಲೆಯೂ ಅವರದೇ.

ಗ್ಯಾರೇಜಿನಲ್ಲಿ ಆ ಹೊತ್ತಿಗೆ ಹುಡುಗ ಸರಿಯಾದ ಡಬ್ಬಿ ತಂದಿದ್ದ. ಎರಡನ್ನೂ ಪಕ್ಕಪಕ್ಕ ಇಟ್ಟು, ಎರಡರಲ್ಲೂ ಬೆರಳದ್ದಿ, ಹಳೆ ಪೇಪರಿನ ಮೇಲೆ ಎಳೆದು ನೋಡುತ್ತಿದ್ದ. "ಎರಡೂ ಒಂದೇ ಥರ ಬರೀತಾವೆ" ಎಂದ. ಗ್ರೀಸಿನಲ್ಲಿ ಕಲಸಿದ ಮೇಲೆ ಕಣ್ಣಿಗೆ ಗೊತ್ತಾಗುವುದಿಲ್ಲ, ನಿಜ. ಅದಿರಿನ ತುಂಡೇ ಸಿಕ್ಕಿದ್ದರೆ ಕೈಯಲ್ಲಿ ಹಿಡಿದೇ ಹೇಳಬಹುದಿತ್ತು. ಅಷ್ಟೇ ಗಾತ್ರದ ಗ್ರಾಫೈಟಿಗಿಂತ ಮಾಲಿಬ್ಡಿನೈಟ್ ಎರಡು ಪಟ್ಟು ಭಾರ. ಬಿಳಿ ಪಿಂಗಾಣಿಯ ಮೇಲೆ ಉಜ್ಜಿದರೆ ಅದರ ಗೆರೆಗೆ ಸ್ವಲ್ಪ ಹಸಿರು ಛಾಯೆ.

ನಾವು ಅವನಿಗೆ ಇಷ್ಟನ್ನು ಹೇಳಿದೆವು. ಅವನು ಬೆರಳು ಒರೆಸಿಕೊಂಡು, ಡಬ್ಬಿ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ. ಮೇಸ್ತ್ರಿ ನಕ್ಕು, "ಇನ್ಮೇಲೆ ತಪ್ಪಲ್ಲ ಬಿಡಿ ಸಾರ್" ಅಂದರು.